ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ?

ಆರೋಗ್ಯ ವಿಮೆಯ ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ. ಓದಿದರೆ, ಯಾವುದಕ್ಕೆ ಹಣ ಸಿಗುವುದಿಲ್ಲ ಎಂದು ಹೇಳುವ ಭಾಗದಲ್ಲಿ ಐದನೆಯ ಸಂಕೇತದಡಿ ಒಂದು ಕಂಡಿಕೆ ಕಾಣುತ್ತದೆ. ಎಲ್ಲ ಕಂಪನಿಗಳಲ್ಲೂ ಒಂದೇ ಒಕ್ಕಣೆ ಇರಲಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿಕೊಟ್ಟದ್ದು ಅದು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಕೈಹಿಡಿದು ಓಡಾಡಿಸುವುದು ಮುಂತಾದ ನಿತ್ಯದ ಆರೈಕೆಗೆ ವಿಮೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಮನೆಯಲ್ಲಿ ಮಾಡಿಸಿದರೂ ಅಷ್ಟೇ, ನರ್ಸಿಂಗ್ ಹೋಮಿನಲ್ಲಿ ಮಾಡಿಸಿದರೂ ಅಷ್ಟೇ. ಮಾಡುವವರು ತರಬೇತಾದ ನರ್ಸ್ ಆಗಿದ್ದರೂ ಅಷ್ಟೇ, ಆಯಾ ಆಗಿದ್ದರೂ ಅಷ್ಟೇ. ಡಿಮೆನ್ಷಿಯಾ ಬಂದ ಹಿರಿಯರಿಗೆ ವರ್ಷಗಟ್ಟಲೆ ಏನೇನು ಬೇಕಾಗುತ್ತದೆ ಎಂದು ಬರೆಯಲು ಕೂತರೆ ಹೆಚ್ಚುಕಡಿಮೆ ಇದೇ ಪಟ್ಟಿ ಬರುತ್ತದೆ. ಕಂಡಿಕೆ ಬರೆದವರಿಗೆ ಕೇಡಿನ ಉದ್ದೇಶ ಇದ್ದಿರಲಾರದು. ಆದರೆ ಈ ಕಾಯಿಲೆಯಲ್ಲಿ ಖರ್ಚು ಎಲ್ಲಿ ಆಗುತ್ತದೆ ಎಂಬುದನ್ನು ಅದಕ್ಕಿಂತ ನಿಖರವಾಗಿ ಹೇಳಿದ ಇನ್ನೊಂದು ಕಾಗದ ಸಿಗುವುದು ಕಷ್ಟ. ಮರೆವಿನ ಕಾಯಿಲೆಯ ಆರೈಕೆಯೆಂದರೆ ಮುಖ್ಯವಾಗಿ ಇನ್ನೊಬ್ಬ ಮನುಷ್ಯನ ಸಮಯ. ಔಷಧಿ, ಕಟ್ಟಡ, ಹಾಸಿಗೆಗಳೆಲ್ಲ ಆಮೇಲಿನವು. ಇಷ್ಟನ್ನು ಮೊದಲೇ ಒಪ್ಪಿಕೊಂಡರೆ ಯಾವ ಕೇಂದ್ರ ಆರಿಸಬೇಕು, ಎಷ್ಟು ದುಡ್ಡು ಎತ್ತಿಡಬೇಕು, ಯಾರ ಸಹಿ ಯಾವಾಗ ಆಗಬೇಕು ಎಂಬ ಪ್ರಶ್ನೆಗಳಿಗೆ ನಾವು ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರಗಳು ಬದಲಾಗುತ್ತವೆ.

ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ‘ಲಾಸಿ-ಡ್ಯಾಡ್’ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಡೊನೆಪೆಝಿಲ್, ಮೆಮಾಂಟಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಹೀಗಾಗಿ ಉಳಿಯುವ ಕೆಲಸವೆಲ್ಲ ಕೈಗಳದ್ದು. ಸ್ನಾನವೊಂದನ್ನೇ ನೋಡಿ. ಅಪರಿಚಿತರಂತೆ ಕಾಣುವ ಯಾರೋ ಬಂದು ಬಟ್ಟೆ ಬಿಚ್ಚಲು ಹೊರಟರೆ ಎಂಬತ್ತರ ಹೆಂಗಸು ಕಿರುಚಿಕೊಳ್ಳುವುದರಲ್ಲಿ ಅಸಹಜವೇನಿಲ್ಲ. ಬಚ್ಚಲಿನ ನೆಲ ತಣ್ಣಗಿದೆ, ನಲ್ಲಿಯ ಸದ್ದು ಜೋರಾಗಿದೆ, ಈ ನೀರು ಯಾಕೆ ಎಂಬುದು ತಿಳಿಯುತ್ತಿಲ್ಲ. ಪುರುಸೊತ್ತಿರುವವರು ‘ಆಯ್ತಮ್ಮ, ಆಮೇಲೆ ನೋಡೋಣ’ ಎಂದು ಹಿಂದೆ ಸರಿಯುತ್ತಾರೆ; ಕಾಫಿ ಕೊಟ್ಟು, ಅರ್ಧ ಗಂಟೆ ಬಿಟ್ಟು ಬಂದು, ಭುಜದ ಮೇಲೆ ಟವೆಲ್ ಹೊದಿಸಿ, ಚೊಂಬನ್ನು ಅವರ ಕೈಗೇ ಕೊಟ್ಟು ಮೊದಲು ಪಾದಕ್ಕೆ ನೀರು ಹಾಕಿಕೊಳ್ಳಲು ಬಿಡುತ್ತಾರೆ. ಒಂಬತ್ತು ಗಂಟೆಯೊಳಗೆ ಇನ್ನೂ ಎಂಟು ಜನರಿಗೆ ಸ್ನಾನ ಮಾಡಿಸಬೇಕಾದವರು ಕೈ ಹಿಡಿದು ಎಳೆಯುತ್ತಾರೆ. ಎರಡನೆಯವರು ಕೆಟ್ಟವರಲ್ಲ, ಅವರಿಗೆ ಸಮಯವಿಲ್ಲ. ಸಂಜೆಯಾಗುತ್ತಿದ್ದಂತೆ ಸ್ವಂತ ಮನೆಯಲ್ಲೇ ಕೂತು ‘ಮನೆಗೆ ಹೋಗ್ಬೇಕು’ ಎಂದು ಚಡಪಡಿಸುವುದು, ನಡುರಾತ್ರಿ ಎದ್ದು ಚಿಲಕ ತಡಕುವುದು, ಊಟ ಮಾಡಿ ಹತ್ತೇ ನಿಮಿಷಕ್ಕೆ ಯಾರೂ ಊಟವೇ ಹಾಕಿಲ್ಲ ಎಂದು ಕೊರಗುವುದು ಇವಕ್ಕೆಲ್ಲ ಇರುವ ಮದ್ದು ಹತ್ತಿರ ಒಬ್ಬರು ಕೂರುವುದು. ಆ ಒಬ್ಬರಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಮ್ಮಲ್ಲಿರುವ ಹಣದ ಏರ್ಪಾಡುಗಳು ಆಸ್ಪತ್ರೆಯ ಹಾಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ತೊಂದರೆಯನ್ನೂ ಸೇರಿಸಿದೆ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು ಹೇಳಿದೆ. ಹಾಗಾದರೆ ಡಿಮೆನ್ಷಿಯಾಕ್ಕೂ ಕ್ಲೇಮು ಸಿಗಬೇಕಲ್ಲ ಎಂದು ಕೇಳುವವರಿದ್ದಾರೆ. ಸಿಗಬೇಕು, ಆಸ್ಪತ್ರೆಗೆ ಸೇರಿಸಿದರೆ. ಮೂತ್ರದ ಸೋಂಕು, ಬಿದ್ದು ಸೊಂಟದ ಮೂಳೆ ಮುರಿತ, ಹಿಡಿತಕ್ಕೆ ಸಿಗದ ಗಲಾಟೆ ಇವಕ್ಕೆ ದಾಖಲಾದ ದಿನಗಳ ಮಟ್ಟಿಗೆ ಸಿಗಬೇಕು. ಡಿಸ್‌ಚಾರ್ಜ್ ಆಗಿ ಹೊರಬಂದ ಕೂಡಲೇ ಮೇಲೆ ಹೇಳಿದ ಕಂಡಿಕೆ ಅಡ್ಡ ಬರುತ್ತದೆ. ಎಪ್ಪತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದವರೆಗೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟ ಆಯುಷ್ಮಾನ್ ವಯ ವಂದನಾ ಕಾರ್ಡಿನ ಮಾತೂ ಇದೇ: ಆಸ್ಪತ್ರೆ ಇದ್ದರೆ ಹಣ. ಆದಾಯ ತೆರಿಗೆಯಲ್ಲಿ, 1961ರ ಕಾಯ್ದೆಯಲ್ಲಿ 80ಡಿಡಿಬಿ ಕಲಂ ಎಂದಿದ್ದ ವಿನಾಯಿತಿಯಡಿ ಡಿಮೆನ್ಷಿಯಾದ ಹೆಸರು ಸ್ಪಷ್ಟವಾಗಿಯೇ ಇದೆ. ಊನದ ಪ್ರಮಾಣ ಶೇ 40ಕ್ಕೆ ಕಡಿಮೆಯಿಲ್ಲ ಎಂದು ತಜ್ಞ ವೈದ್ಯರು ಬರೆದುಕೊಟ್ಟರೆ ಹಿರಿಯ ನಾಗರಿಕರ ಚಿಕಿತ್ಸೆಗಾಗಿ 1 ಲಕ್ಷದವರೆಗಿನ ಖರ್ಚನ್ನು ಆದಾಯದಿಂದ ಕಳೆಯಬಹುದು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ಶೇ 20ರ ಹಂತದಲ್ಲಿರುವ ಮಗನಿಗೆ ಇದರಿಂದ ಉಳಿಯುವುದು ವರ್ಷಕ್ಕೆ ಇಪ್ಪತ್ತು ಸಾವಿರ ಚಿಲ್ಲರೆ. ಇನ್ನು ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ದಿನಕ್ಕೆ ಮೂರು ಡೈಪರ್ ಬೇಕಾಗುವ ಹಂತದಲ್ಲಿ ಅದು ಅರ್ಧ ತಿಂಗಳಿಗೂ ಬಾರದು. ಇವನ್ನು ಬಿಡಿ ಎಂದು ಹೇಳುತ್ತಿಲ್ಲ. ಸಿಗುವುದನ್ನೆಲ್ಲ ಪಡೆದುಕೊಳ್ಳಬೇಕು. ಆದರೆ ಯಾವುದೂ ಆಯಾಳ ಸಂಬಳವನ್ನು ಮುಟ್ಟುವುದಿಲ್ಲ ಎಂದು ತಿಳಿದೇ ಲೆಕ್ಕ ಶುರುಮಾಡಬೇಕು.

ಲೆಕ್ಕವನ್ನು ತಿಂಗಳಿನಲ್ಲಿ ಹಾಕುವುದೇ ಮೊದಲ ತಪ್ಪು. ಬೆಂಗಳೂರಿನ ಖಾಸಗಿ ಡಿಮೆನ್ಷಿಯಾ ಕೇಂದ್ರಗಳಲ್ಲಿ ತಿಂಗಳ ಶುಲ್ಕ ಸುಮಾರು ನಲವತ್ತು ಐವತ್ತು ಸಾವಿರದ ಆಸುಪಾಸಿನಿಂದ ಹಿಡಿದು ಲಕ್ಷ ದಾಟುವವರೆಗೂ ಇದೆ. ‘ತಿಂಗಳಿಗೆ ಐವತ್ತು ಸಾವಿರ, ಅಣ್ಣತಮ್ಮಂದಿರು ಸೇರಿ ಹೇಗೋ ಹೊಂದಿಸೋಣ’ ಎಂದು ಕುಟುಂಬ ತೀರ್ಮಾನಿಸುತ್ತದೆ. ಕಾಯಿಲೆ ಪತ್ತೆಯಾದ ಮೇಲೆ ಸರಾಸರಿ ನಾಲ್ಕರಿಂದ ಎಂಟು ವರ್ಷ, ಕೆಲವರಲ್ಲಿ ಅದಕ್ಕೂ ಬಹಳ ಹೆಚ್ಚು ಕಾಲ ಜೀವ ಇರುತ್ತದೆ. ತಿಂಗಳಿಗೆ 50,000 ಎಂದರೆ ಮೊದಲ ವರ್ಷ 6 ಲಕ್ಷ. ಶುಲ್ಕ ವರ್ಷಕ್ಕೆ ಶೇ 8ರಂತೆ ಏರುತ್ತದೆ ಎಂದಿಟ್ಟುಕೊಂಡರೆ ಆರು ವರ್ಷಕ್ಕೆ ಆಗುವುದು ಸುಮಾರು 44 ಲಕ್ಷ. ಡೈಪರ್, ಔಷಧಿ, ನಡುನಡುವೆ ಆಸ್ಪತ್ರೆ, ವಾಪಸು ಬಾರದ ಪ್ರವೇಶ ಶುಲ್ಕ ಇವು ಬೇರೆ. ಈ ಮೊತ್ತ ಕಂಡು ಗಾಬರಿಯಾಗುವುದು ಒಳ್ಳೆಯದೇ, ಯಾಕೆಂದರೆ ಆ ಗಾಬರಿ ಮೂರನೆಯ ವರ್ಷದಲ್ಲಿ ಆಗುವುದಕ್ಕಿಂತ ಈಗಲೇ ಆಗುವುದು ವಾಸಿ. ಹೆಚ್ಚಾಗಿ ನಡೆಯುವುದು ಹೀಗೆ: ಮೊದಲ ಉತ್ಸಾಹದಲ್ಲಿ ಕೈಗೆಟಕುವುದರಲ್ಲಿ ಅತಿ ದುಬಾರಿ ಜಾಗಕ್ಕೆ ಸೇರಿಸುತ್ತಾರೆ, ಎರಡು ಮೂರು ವರ್ಷದಲ್ಲಿ ಎಫ್‌ಡಿ ಕರಗುತ್ತದೆ, ಆಗ ಅಗ್ಗದ ಜಾಗಕ್ಕೆ ಸ್ಥಳಾಂತರ. ಡಿಮೆನ್ಷಿಯಾ ಇರುವವರಿಗೆ ಜಾಗ ಬದಲಿಸುವುದು ದೊಡ್ಡ ಆಘಾತ. ಬಚ್ಚಲು ಎಲ್ಲಿದೆ ಎಂದು ದೇಹಕ್ಕೆ ರೂಢಿಯಾದ ದಾರಿ ಕೂಡ ಅಳಿಸಿಹೋಗುತ್ತದೆ. ಎರಡು ವರ್ಷ ಕೊಡಬಲ್ಲ ಅತ್ಯುತ್ತಮ ಜಾಗಕ್ಕಿಂತ ಆರು ವರ್ಷ ಕೊಡಬಲ್ಲ ಸಾಧಾರಣ ಜಾಗ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಸಾಧಾರಣ ಜಾಗದಲ್ಲಿ ಕೈಗಳು ಸಾಕಷ್ಟಿರಬೇಕು, ಅಷ್ಟೇ.

ಸಾಕಷ್ಟಿವೆಯೇ ಎಂದು ತಿಳಿಯುವುದು ಹೇಗೆ? ಕರಪತ್ರದಲ್ಲಿ ತೋಟ, ಫಿಸಿಯೋಥೆರಪಿ ಕೋಣೆ, ಸಿಸಿಟಿವಿ, ಯೋಗ ಎಲ್ಲ ಇರುತ್ತವೆ. ‘30 ಹಿರಿಯರು, 24 ಸಿಬ್ಬಂದಿ’ ಎಂದಿದ್ದರೆ ಓದಿದವರಿಗೆ ಹತ್ತಿರ ಹತ್ತಿರ ಒಬ್ಬರಿಗೊಬ್ಬರು ಇದ್ದಂತೆ ಕಾಣುತ್ತದೆ. ಆ 24ರಲ್ಲಿ ಅಡುಗೆಯವರು, ಗುಡಿಸಿ ಒರೆಸುವವರು, ಗೇಟಿನವರು, ಆಫೀಸಿನವರು ಎಂದು ಹತ್ತು ಮಂದಿಯನ್ನು ಕಳೆಯಿರಿ. ಉಳಿದವರು 14. ವಾರಕ್ಕೆ 168 ಗಂಟೆ; ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಒಂದು ಜಾಗದಲ್ಲಿ ಸದಾ ಒಬ್ಬರು ಇರಬೇಕಾದರೆ ಮೂರೂವರೆ ಜನ ಬೇಕು. ಅಂದರೆ ಆ 14 ಮಂದಿಯಿಂದ ಯಾವುದೇ ಗಳಿಗೆಯಲ್ಲಿ ಸಿಗುವುದು ನಾಲ್ವರು. ಒಬ್ಬರು ರಜೆಯಲ್ಲಿದ್ದರೆ ಮೂವರು. ಹಗಲಿಗೆ ಹೆಚ್ಚು ಜನ ಬೇಕಾದ್ದರಿಂದ ರಾತ್ರಿಗೆ ಉಳಿಯುವುದು ಇಬ್ಬರು. ಮೂವತ್ತು ಜನರಿಗೆ ಇಬ್ಬರು. ಒಬ್ಬರು ಒಂದು ಕೋಣೆಯಲ್ಲಿ ಹಾಸಿಗೆ ಬದಲಿಸುತ್ತಿದ್ದರೆ ಮಿಕ್ಕ ಇಪ್ಪತ್ತೊಂಬತ್ತು ಜನರಿಗೆ ಒಬ್ಬರು. ಪಾಳಿಯನ್ನು 12 ಗಂಟೆಗೆ ಎಳೆದು ವಾರಕ್ಕೊಂದೇ ರಜೆ ಕೊಟ್ಟರೆ ಲೆಕ್ಕ ಸ್ವಲ್ಪ ಸುಧಾರಿಸುತ್ತದೆ, ಆದರೆ ಹನ್ನೊಂದನೆಯ ಗಂಟೆಯಲ್ಲಿ ಆ ಕೈಗೆ ಎಷ್ಟು ತಾಳ್ಮೆ ಉಳಿದಿರುತ್ತದೆ? ಹಾಗಾಗಿ ಮ್ಯಾನೇಜರನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ಸಿಬ್ಬಂದಿ ಇದ್ದಾರೆ’ ಎಂಬುದಲ್ಲ. ಮೊನ್ನೆ ಭಾನುವಾರ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಯಾರ್‍ಯಾರು ಇದ್ದರು, ಅವರ ಹೆಸರೇನು, ಹಾಜರಿ ಪುಸ್ತಕ ತೋರಿಸುತ್ತೀರಾ ಎಂದು ಕೇಳಬೇಕು. ಒಳ್ಳೆಯ ಕೇಂದ್ರದವರು ತೋರಿಸುತ್ತಾರೆ. ಇನ್ನೊಂದು ಪ್ರಶ್ನೆ, ಎರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇಲ್ಲೇ ಇರುವ ಆಯಾಗಳು ಎಷ್ಟು ಮಂದಿ. ಮೂರು ತಿಂಗಳಿಗೊಮ್ಮೆ ಮುಖಗಳು ಬದಲಾಗುವ ಕಡೆ ಮರೆವಿನವರು ಪ್ರತಿ ಸಲವೂ ಅಪರಿಚಿತರ ನಡುವೆ ಏಳುತ್ತಾರೆ.

ಭಾಷೆಯನ್ನೂ ಇಲ್ಲೇ ಕೇಳಬೇಕು. ಕೇರ್ ಹೋಮ್‌ಗಳಲ್ಲಿ ದುಡಿಯುವ ಅನೇಕರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು, ಕಷ್ಟಪಟ್ಟು ಕೆಲಸ ಮಾಡುವವರು. ಕಾಯಿಲೆ ಬಲಿತಂತೆ ಹಿರಿಯರು ಆಮೇಲೆ ಕಲಿತ ಭಾಷೆಗಳನ್ನು ಕಳೆದುಕೊಂಡು ಎಳವೆಯ ಭಾಷೆಗೆ ಮರಳುವುದು ಸಾಮಾನ್ಯ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಆಡಿದ ಮಂಗಳೂರಿನವರು ತುಳು ಬಿಟ್ಟು ಬೇರೆ ಮಾತೇ ಆಡದಿರಬಹುದು. ಹೊಟ್ಟೆನೋವು ಎಂದು ಹೇಳಿದ್ದು ಹಿಂದಿ ಮಾತ್ರ ಬಲ್ಲ ಅಟೆಂಡರಿಗೆ ಗಲಾಟೆಯಂತೆ ಕೇಳಿಸುತ್ತದೆ, ಗಲಾಟೆಗೆ ಮಾತ್ರೆ ಬರುತ್ತದೆ. ಈ ಮಾತ್ರೆಗಳ ವಿಷಯದಲ್ಲಿ ಹುಷಾರಾಗಿರಬೇಕು. ಡಿಮೆನ್ಷಿಯಾ ಇರುವ ವೃದ್ಧರಿಗೆ ಆಂಟಿಸೈಕೋಟಿಕ್ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತ್ಯಂತ ಕಟುವಾದ ಎಚ್ಚರಿಕೆ ಕೊಟ್ಟಿತ್ತು. ಅಗತ್ಯವಿದ್ದಾಗ ವೈದ್ಯರು ಅಳೆದು ತೂಗಿ ಕೊಡುವುದು ಬೇರೆ. ರಾತ್ರಿ ಪಾಳಿಯ ಇಬ್ಬರಿಗೆ ನೆಮ್ಮದಿಯಾಗಲೆಂದು ಕೊಡುವುದು ಬೇರೆ. ಕೈಗಳು ಕಡಿಮೆಯಾದ ಕಡೆ ಮಾತ್ರೆ ಹೆಚ್ಚುತ್ತದೆ, ಮಾತ್ರೆ ಸಾಲದಾದಾಗ ಮಂಚಕ್ಕೆ ಕಟ್ಟುವ ಪಟ್ಟಿ ಹೊರಬರುತ್ತದೆ. ಕಟ್ಟಿಹಾಕುವುದಕ್ಕೆ 2017ರ ಕಾಯ್ದೆಯಲ್ಲಿ ಕಠಿಣ ಷರತ್ತುಗಳಿವೆ: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯೊಂದಿಗೆ, ದಾಖಲೆಯಲ್ಲಿ ಬರೆದು. ಕೇಂದ್ರ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳಿದರೆ ಅವರಿಗೆ ಈ ಷರತ್ತುಗಳ ಅರಿವಿದೆಯೇ ಎಂಬುದೂ ಗೊತ್ತಾಗುತ್ತದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ್ದೋ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯದ್ದೋ, ಬರೀ ಟ್ರಸ್ಟ್ ನೋಂದಣಿಯೋ? ನೋಡಲು ಹೋಗುವುದಾದರೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಜಾಗವೂ ಚೆನ್ನಾಗಿಯೇ ಇರುತ್ತದೆ. ಸಂಜೆ ಆರೂವರೆಗೆ, ಹೇಳದೆ ಹೋಗಿ.

ಇಷ್ಟೆಲ್ಲ ತಾಪತ್ರಯವೇ ಬೇಡ, ಹೆತ್ತವರನ್ನು ಮನೆಯಲ್ಲೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ, ಖರ್ಚೂ ಇಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದರ ಮೊದಲ ಅರ್ಧಕ್ಕೆ ನನ್ನ ಗೌರವವಿದೆ. ಎರಡನೆಯ ಅರ್ಧ ಸುಳ್ಳು. ಡಿಮೆನ್ಷಿಯಾದಿಂದ ಜಗತ್ತಿಗೆ ಆಗುವ ವೆಚ್ಚವನ್ನು 2019ರ ಲೆಕ್ಕದಲ್ಲಿ 1.3 ಲಕ್ಷ ಕೋಟಿ ಡಾಲರ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದರಲ್ಲಿ ಸುಮಾರು ಅರ್ಧ ಮನೆಯವರು, ಆಪ್ತರು ಸಂಬಳವಿಲ್ಲದೆ ಮಾಡಿದ ಆರೈಕೆಯ ಬೆಲೆ. ಇಂಥವರು ದಿನಕ್ಕೆ ಸರಾಸರಿ ಐದು ಗಂಟೆ ಕೊಡುತ್ತಾರೆ, ಆರೈಕೆಯ ಗಂಟೆಗಳಲ್ಲಿ ಶೇ 70ರಷ್ಟು ಹೆಂಗಸರದ್ದು. ಮನೆಯಲ್ಲಿ ಖರ್ಚಿಲ್ಲ ಎಂದರೆ ಅರ್ಥ, ಖರ್ಚು ಸೊಸೆಯ ಅಥವಾ ಮಗಳ ಹೆಸರಿನಲ್ಲಿದೆ, ಬಿಲ್ಲು ಮಾತ್ರ ಬಂದಿಲ್ಲ. ಶಾಲೆಯ ಕೆಲಸ ಬಿಟ್ಟ ಸೊಸೆಯ ಸಂಬಳ, ನಿಂತುಹೋದ ಅವಳ ಪಿಎಫ್, ನಾಲ್ಕು ವರ್ಷ ಎತ್ತಿ ಕೂರಿಸಿ ಹಿಡಿದುಕೊಂಡ ಬೆನ್ನು ಇವನ್ನೆಲ್ಲ ಕೂಡಿದರೆ ಕೇಂದ್ರದ ಶುಲ್ಕಕ್ಕಿಂತ ಕಡಿಮೆಯೇನಾಗದು. ಹಾಗೆಂದು ಮನೆ ಬೇಡ ಎಂದು ಹೇಳುವುದಿಲ್ಲ. ಆರಂಭದ ವರ್ಷಗಳಲ್ಲಿ ಪರಿಚಿತ ಗೋಡೆ, ಪರಿಚಿತ ದೇವರಕೋಣೆ ಯಾವ ಕೇಂದ್ರವೂ ಕೊಡಲಾಗದ ಆಧಾರ. ಮನೆಯಲ್ಲಿರುವ ಕೈಗಳಿಗೆ ಬಲ ಕೊಟ್ಟರೆ ಆ ವರ್ಷಗಳನ್ನು ಉದ್ದ ಮಾಡಬಹುದು ಎಂಬುದಕ್ಕೆ ಪುರಾವೆಯೂ ಇದೆ: ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ರೋಗಿಯನ್ನು ನೋಡಿಕೊಳ್ಳುವ ಸಂಗಾತಿಗಳಿಗೆ ನಿಯಮಿತ ಆಪ್ತಸಲಹೆ, ಬೆಂಬಲ ಕೊಟ್ಟು ನೋಡಿದಾಗ ನರ್ಸಿಂಗ್ ಹೋಮಿಗೆ ಸೇರಿಸುವುದು ಮಧ್ಯಾಂಕದ ಲೆಕ್ಕದಲ್ಲಿ 557 ದಿನ ಮುಂದಕ್ಕೆ ಹೋಯಿತು ಎಂದು 2006ರಲ್ಲಿ ವರದಿ ಮಾಡಿದರು. ಒಂದೂವರೆ ವರ್ಷ! ಹಗಲಿನ ಡೇ ಕೇರ್ ಸಿಕ್ಕರೆ, ವಾರಕ್ಕೆ ಎರಡು ರಾತ್ರಿ ಹೊರಗಿನವರು ಬಂದು ಕಾವಲಿದ್ದರೆ ಬಹಳ ಮನೆಗಳು ತಡೆದುಕೊಳ್ಳುತ್ತವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಇಂಥ ಡೇ ಕೇರ್ ನಡೆಸಿ ತೋರಿಸಿವೆ. ನೋಡಿಕೊಳ್ಳುವವರಿಗೆ ಸತತವಾಗಿ ನಿದ್ದೆ ಇಲ್ಲದಾದಾಗ, ಕೈ ಮೇಲೆತ್ತುವ ಮಟ್ಟಕ್ಕೆ ಸಿಟ್ಟು ಬರತೊಡಗಿದಾಗ ಮನೆಯ ಕಾಲ ಮುಗಿಯಿತು ಎಂದು ತಿಳಿಯಬೇಕು. ಆಮೇಲೂ ಮನೆಯಲ್ಲೇ ಇಟ್ಟುಕೊಳ್ಳುವುದು ಊರಿನವರ ಬಾಯಿಗೆ ಹೆದರಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ನಲವತ್ನಾಲ್ಕು ಲಕ್ಷದ ಮಾತೆಲ್ಲ ಬೆಂಗಳೂರಿನ ಸೈಟು ಇದ್ದವರದು, ಉಳಿದವರ ಗತಿಯೇನು? ಕಾಯಿಲೆ ಹಳ್ಳಿಯಲ್ಲಿ ಹೆಚ್ಚು, ಕೇಂದ್ರಗಳು ಬೆಂಗಳೂರಿನಲ್ಲಿ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ವಯಸ್ಸಾದಂತೆ ನೆನಪು ಹೇಗೆ ಬದಲಾಗುತ್ತದೆ ಎಂದು ಸಾವಿರಾರು ಜನರನ್ನು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರಗಳಲ್ಲೂ ಕ್ಲಿನಿಕ್ ತೆರೆಯಿತು. ಅಂದರೆ ಕಾಯಿಲೆಯನ್ನು ಗುರುತಿಸುವ ಕೆಲಸ ಜಿಲ್ಲೆಗಳನ್ನು ಮುಟ್ಟತೊಡಗಿದೆ. ಗುರುತಿಸಿದ ಮೇಲೆ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಕೈಗಳನ್ನು ಬರೆಯಲಾಗುವುದಿಲ್ಲ. ಬರೆಯುವ ದೇಶಗಳಿವೆ. ಜಪಾನ್ 2000ದಲ್ಲಿ ಆರೈಕೆ ವಿಮೆಯನ್ನೇ ಬೇರೆಯಾಗಿ ತಂದಿತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಬೇಕಾದಾಗ ಹೆಚ್ಚಿನವರು ವೆಚ್ಚದ ಶೇ 10 ಕೊಡುತ್ತಾರೆ, ಆದಾಯ ಹೆಚ್ಚಿದ್ದವರು ಇಪ್ಪತ್ತೋ ಮೂವತ್ತೋ. ಯಾರಿಗೆ ಎಷ್ಟು ನೆರವು ಎಂದು ನಿರ್ಧರಿಸಲು ಆ ವ್ಯಕ್ತಿಗೆ ದಿನಕ್ಕೆ ಎಷ್ಟು ನಿಮಿಷದ ಆರೈಕೆ ಬೇಕಾದೀತು ಎಂದು ಅಂದಾಜು ಮಾಡುತ್ತಾರೆ. ಜರ್ಮನಿ 1995ರಲ್ಲೇ ಇಂಥ ವಿಮೆ ತಂದಿತ್ತು. ಅಲ್ಲೂ ಮೊದಲು ನಿಮಿಷದ ಲೆಕ್ಕವೇ. ಕೈಕಾಲು ಗಟ್ಟಿಯಿದ್ದು ಬುದ್ಧಿ ಮಾತ್ರ ಮಸುಕಾದವರಿಗೆ ಅದರಲ್ಲಿ ಅನ್ಯಾಯವಾಗುತ್ತಿತ್ತು, ಯಾಕೆಂದರೆ ಅವರಿಗೆ ಎತ್ತಿ ಕೂರಿಸುವವರು ಬೇಡ, ದಿನವಿಡೀ ಕಣ್ಣಿಡುವವರು ಬೇಕು. ಎರಡು ದಶಕದ ತಕರಾರಿನ ನಂತರ 2017ರಲ್ಲಿ ಅಳತೆಗೋಲನ್ನೇ ಬದಲಿಸಿ ಡಿಮೆನ್ಷಿಯಾವನ್ನು ದೈಹಿಕ ಅಶಕ್ತತೆಗೆ ಸಮ ಮಾಡಿದರು.

ಭಾರತ ಜಪಾನ್ ಅಲ್ಲ, ಸಂಬಳದ ಚೀಟಿಯಿಂದ ಕಂತು ಮುರಿದುಕೊಳ್ಳಬಹುದಾದ ಜನವೇ ಇಲ್ಲಿ ಕಡಿಮೆ ಎಂಬ ಉತ್ತರ ಸರಿಯಾದದ್ದೇ. ನಾಳೆ ಬೆಳಿಗ್ಗೆ ಆರೈಕೆ ವಿಮೆ ಬಂದುಬಿಡುತ್ತದೆ ಎಂದು ಯಾರೂ ನಂಬಬೇಕಿಲ್ಲ. ಆದರೆ ವೃದ್ಧಾಶ್ರಮಗಳಿಗೆ ಕೇಂದ್ರ ಕೊಡುವ ಅನುದಾನದ ಯೋಜನೆಯಲ್ಲಿ ಡಿಮೆನ್ಷಿಯಾ ಇರುವ ಹಿರಿಯರ ವಾಸಗೃಹಗಳಿಗೆ ಈಗಲೇ ಅವಕಾಶವಿದೆ. ಕೇರಳ 2014ರ ಸುಮಾರಿಗೇ ಆಲ್‌ಝೈಮರ್ಸ್ ಸೊಸೈಟಿಯ ಜೊತೆಗೂಡಿ ರಾಜ್ಯಮಟ್ಟದ ಕಾರ್ಯಕ್ರಮ ಶುರುಮಾಡಿತು. 2007ರ ಪೋಷಕರ ಪಾಲನೆಯ ಕಾಯ್ದೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿತು, ಜಿಲ್ಲೆಗೊಂದು ವೃದ್ಧಾಶ್ರಮದ ಮಾತನ್ನೂ ಆಡಿತು. ಅದು ಮಕ್ಕಳನ್ನು ಹಿಡಿದು ಕೇಳುವ ಕಾಯ್ದೆ, ಕೈಗಳನ್ನು ಒದಗಿಸುವ ಕಾಯ್ದೆಯಲ್ಲ. ತಾಲ್ಲೂಕಿಗೊಂದು ಡೇ ಕೇರ್, ಅಲ್ಲಿ ಸ್ಥಳೀಯ ಭಾಷೆ ಬಲ್ಲ, ನಾಲ್ಕಾರು ತಿಂಗಳ ತರಬೇತಿ ಪಡೆದ ಐದಾರು ಹೆಂಗಸರಿಗೆ ಸಂಬಳದ ಕೆಲಸ: ಇದಕ್ಕೆ ಬೇಕಾದ ಹಣ ಯಾವ ಆಸ್ಪತ್ರೆ ಕಟ್ಟಡಕ್ಕಿಂತಲೂ ಕಡಿಮೆ. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಹಾಕಬಹುದು, ಸಂಬಳಕ್ಕೆ ಹಾಕಲಾಗುವುದಿಲ್ಲ. ತೊಡಕು ಇರುವುದು ಅಲ್ಲಿ.

ಅಲ್ಲಿಯವರೆಗೆ ಕುಟುಂಬಗಳು ತಮ್ಮಲ್ಲಿರುವುದನ್ನೇ ನೆಚ್ಚಬೇಕು. ನಮ್ಮ ಮಧ್ಯಮ ವರ್ಗದ ಹಿರಿಯರಲ್ಲಿ ಇರುವುದು ಹೆಚ್ಚಾಗಿ ಆಸ್ತಿ: ಒಂದು ಮನೆ, ಊರಲ್ಲಿ ಒಂದಿಷ್ಟು ಜಮೀನು, ಒಂದೆರಡು ಎಫ್‌ಡಿ. ಅದನ್ನು ಆರೈಕೆಯ ಹಣವನ್ನಾಗಿ ಮಾಡಲು ಅವರ ಸಹಿ ಬೇಕು, ಸಹಿಗೆ ಬುದ್ಧಿ ಸ್ತಿಮಿತದಲ್ಲಿರಬೇಕು. ಪವರ್ ಆಫ್ ಅಟಾರ್ನಿ ಮಾಡಿಸಿಕೊಂಡಿದ್ದೇವೆ, ಇನ್ನು ಚಿಂತೆಯಿಲ್ಲ ಎಂದುಕೊಂಡವರು ಬಹಳ. ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದರೆ ಅಂಥ ಅಧಿಕಾರಪತ್ರ ಅಲ್ಲಿಗೇ ಮುಗಿಯುತ್ತದೆ. ಬೇಕೇ ಬೇಕಾದ ಹೊತ್ತಿಗೆ ಅದು ಬರೀ ಕಾಗದ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿಗೆ ವ್ಯವಸ್ಥಾಪಕರನ್ನು ಜಿಲ್ಲಾ ನ್ಯಾಯಾಲಯವೇ ನೇಮಿಸಬಹುದಿತ್ತು. 2017ರ ಕಾಯ್ದೆ ಬಂದಾಗ ಆ ದಾರಿ ಮುಚ್ಚಿತು, ಹೊಸದು ತೆರೆಯಲಿಲ್ಲ. ಈಗ ಅಪ್ಪನ ಮನೆ ಬಾಡಿಗೆಗೆ ಕೊಟ್ಟೋ ಮಾರಿಯೋ ಅಪ್ಪನ ಆರೈಕೆಗೆ ಹಣ ಹೊಂದಿಸಬೇಕಾದವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪಾಲಕತ್ವ ಕೇಳಬೇಕಾಗುತ್ತದೆ. ವಿಲ್ ಇದೆ ಎನ್ನುವವರೂ ಇದ್ದಾರೆ. ವಿಲ್ಲು ಜೀವ ಹೋದ ಮೇಲೆ ಕೆಲಸ ಮಾಡುತ್ತದೆ, ಖರ್ಚು ಜೀವ ಇರುವಾಗ. ಎಲ್ಲವನ್ನೂ ಒಬ್ಬ ಮಗನ ಹೆಸರಿಗೆ ದಾನಪತ್ರ ಬರೆಸುವುದು ಇನ್ನೊಂದು ತುದಿ. ಹಾಗೆ ಬರೆಯುವುದೇ ಆದರೆ ಆರೈಕೆ ಮಾಡಬೇಕೆಂಬ ಷರತ್ತು ಪತ್ರದಲ್ಲೇ ಇರಬೇಕು. ಷರತ್ತು ಮುರಿದರೆ 2007ರ ಕಾಯ್ದೆಯ 23ನೇ ಕಲಂನಡಿ ಆ ದಾನವನ್ನು ರದ್ದುಪಡಿಸಬಹುದು. ಇವೆಲ್ಲಕ್ಕಿಂತ ಹಗುರವಾದ ದಾರಿಗಳಿವೆ: ಖಾತೆ, ಎಫ್‌ಡಿಗಳನ್ನು ‘ಇಬ್ಬರಲ್ಲಿ ಯಾರಾದರೂ’ ಎಂಬ ಜಂಟಿ ರೂಪಕ್ಕೆ ತರುವುದು, ಮನೆಯನ್ನು ಮೊದಲೇ ಬಾಡಿಗೆಗೆ ಹಚ್ಚುವುದು, ಆಸ್ತಿ ದೊಡ್ಡದಿದ್ದರೆ ಆರೈಕೆಗೆಂದೇ ಖಾಸಗಿ ಟ್ರಸ್ಟ್ ಮಾಡುವುದು. ಡಿಮೆನ್ಷಿಯಾ ಎಂಬ ಹೆಸರು ಬಿದ್ದ ಮಾತ್ರಕ್ಕೆ ಸಹಿ ಅಸಿಂಧುವಾಗುವುದಿಲ್ಲ. ತಿಳಿದು ಮಾಡುವ ಶಕ್ತಿ ಆ ದಿನ ಇತ್ತೇ ಎಂಬುದು ಪ್ರಶ್ನೆ. ಅಂದೇ ವೈದ್ಯರಿಂದ ಒಂದು ಪ್ರಮಾಣಪತ್ರ ಪಡೆದಿಟ್ಟರೆ ಆಮೇಲಿನ ಜಗಳ ಅರ್ಧ ತಪ್ಪುತ್ತದೆ.

ಮಕ್ಕಳ ನಡುವೆಯೂ ಬರೆದಿಡುವುದು ಲೇಸು. ಒಬ್ಬಳು ಮೈಸೂರಿನಲ್ಲಿ, ಒಬ್ಬ ನ್ಯೂಜೆರ್ಸಿಯಲ್ಲಿ. ಅವನು ಡಾಲರ್ ಕಳಿಸುತ್ತಾನೆ, ಇವಳು ರಾತ್ರಿ ಎದ್ದು ಕೂರುತ್ತಾಳೆ. ನಾಲ್ಕು ವರ್ಷ ಕಳೆದ ಮೇಲೆ ಇಬ್ಬರಿಗೂ ತಾನೇ ಹೆಚ್ಚು ಕೊಟ್ಟೆ ಅನ್ನಿಸುತ್ತದೆ, ಇಬ್ಬರೂ ಪ್ರಾಮಾಣಿಕರೇ. ಇವಳ ಗಂಟೆಗಳಿಗೂ ಒಂದು ಬೆಲೆ ಕಟ್ಟಿ, ಅಷ್ಟನ್ನು ತಿಂಗಳು ತಿಂಗಳು ಹೆತ್ತವರ ಹಣದಿಂದಲೋ ಅಣ್ಣನ ಪಾಲಿನಿಂದಲೋ ಕೊಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಏಜೆನ್ಸಿಯ ಹೋಂ ನರ್ಸಿಗೆ ಕೊಡುವಾಗ ನಾಚುತ್ತೇವೆಯೇ?

ಡಾಕ್ಟರು ಡಿಮೆನ್ಷಿಯಾ ಎಂದ ವಾರವೇ ವಕೀಲರ ಬಳಿ, ಬ್ಯಾಂಕಿನ ಬಳಿ ಓಡುವುದು ಕ್ರೂರ, ಆಸ್ತಿಗೆ ಕಣ್ಣು ಹಾಕಿದಂತೆ ಎಂದು ನೆಂಟರು ಆಡಿಕೊಳ್ಳಬಹುದು. ಆರು ತಿಂಗಳು ತಡೆಯೋಣ ಎಂದು ಮಕ್ಕಳಿಗೂ ಅನ್ನಿಸುತ್ತದೆ. ಆ ಆರು ತಿಂಗಳಲ್ಲಿ ಕಳೆದುಹೋಗುವುದು ಮಕ್ಕಳ ಅನುಕೂಲ ಮಾತ್ರವಲ್ಲ, ಹಿರಿಯರ ಮಾತು ಕೂಡ. ಆರಂಭದ ಹಂತದಲ್ಲಿರುವವರು ಊರಿನ ಮನೆ ಮಾರಬಹುದೋ ಬೇಡವೋ, ಮಗಳ ಮನೆಯೋ ಕೇಂದ್ರವೋ, ಕೊನೆಗೆ ನಳಿಕೆಯಲ್ಲಿ ಊಟ ಕೊಡಬೇಕೋ ಬೇಡವೋ ಎಂಬುದನ್ನು ತಾವೇ ಹೇಳಬಲ್ಲರು. ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ ಬರೆದಿಡಲು, ಮುಂದೆ ತಮ್ಮ ಪರವಾಗಿ ಮಾತಾಡಬೇಕಾದವರನ್ನು ಹೆಸರಿಸಲು 2017ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಕೇಂದ್ರಗಳನ್ನು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಬಹುದು. ಸಂಜೆ ಆರೂವರೆಗೆ ಅಲ್ಲಿ ಹೋಗಿ ಕೂತರೆ, ಯಾವ ಆಯಾ ತಮ್ಮ ಪಕ್ಕ ಬಂದು ಕೂತಳು, ಯಾರು ನಿಂತೇ ಮಾತಾಡಿಸಿ ಹೋದರು ಎಂಬುದನ್ನು ಮಕ್ಕಳಿಗಿಂತ ಮೊದಲು ಅವರೇ ಗಮನಿಸುತ್ತಾರೆ.